ಕ್ಯಾರಿಬೂ ಶಿಕಾರಿಗೆ ಮುಂಗಡ ಕೊಡುವ ಮೊದಲು: ಅಲಾಸ್ಕಾಕ್ಕೆ ಹೊಸದಾಗಿ ಬಂದವರಿಗೆ

ಪ್ರತಿ ವರ್ಷ ಸೆಪ್ಟೆಂಬರ್ ಮೊದಲ ವಾರ, ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬದ ಚಿತ್ರಗಳು ಬರುತ್ತಿದ್ದಂತೆ, ಆಂಕರೇಜಿನಲ್ಲಿರುವ ನನಗೆ ಯಾರಾದರೊಬ್ಬರ ಫೋನ್ ಬರುತ್ತದೆ. ಕೋವಿಗೆ ಹೂವಿಟ್ಟು ಪೂಜೆ ಮಾಡುವ ಮನೆಯಲ್ಲಿ ಬೆಳೆದವರಿಗೆ ಆ ವಾರ ಕೈ ಕಡಿಯುವುದು ಸಹಜ. ಹೋದ ವರ್ಷ ಮಾಡಿದವನು ವಿರಾಜಪೇಟೆ ಕಡೆಯ ಹುಡುಗ. ಅಲಾಸ್ಕಾಕ್ಕೆ ಬಂದು ಆರು ತಿಂಗಳಾಗಿತ್ತು. "ಅಣ್ಣ, ಕ್ಯಾರಿಬೂ ಶಿಕಾರಿಗೆ ಒಬ್ಬ ಔಟ್‌ಫಿಟ್ಟರ್ ಸಿಕ್ಕಿದ್ದಾನೆ. ನಾಳೆಯೊಳಗೆ ಅರ್ಧ ದುಡ್ಡು ಕಳಿಸಿದರೆ ಜಾಗ ಹಿಡಿದಿಡುತ್ತಾನಂತೆ" ಎಂದ. ಕ್ಯಾರಿಬೂ ಎಂದರೆ ಉತ್ತರದ ಚಳಿ ನಾಡಿನ ದೊಡ್ಡ ಕೊಂಬಿನ ಜಿಂಕೆ; ಔಟ್‌ಫಿಟ್ಟರ್ ಎಂದರೆ ದುಡ್ಡು ಪಡೆದು ಬೇಟೆಯ ಏರ್ಪಾಡು ಮಾಡಿಕೊಡುವವನು. ಕೊಂಬಿನ ಫೋಟೋಗಳನ್ನು ನನಗೂ ಕಳಿಸಿದ್ದ. ಕೊಂಬೇನೋ ಚೆನ್ನಾಗಿಯೇ ಇದ್ದವು. ಆ ಔಟ್‌ಫಿಟ್ಟರ್‌ನ ಲೈಸೆನ್ಸ್ ಸಂಖ್ಯೆ ಏನು ಎಂದು ಕೇಳಿದೆ. ಅದನ್ನು ಕೇಳಬೇಕೆಂದೇ ಹುಡುಗನಿಗೆ ಗೊತ್ತಿರಲಿಲ್ಲ.

ನನಗೂ ಗೊತ್ತಿರಲಿಲ್ಲ. ಇಲ್ಲಿಗೆ ಬಂದ ಮೂರನೆಯ ವರ್ಷ ನಾನೂ ಒಬ್ಬ ಗೆಳೆಯನೂ ಹೀಗೆಯೇ ಫೋಟೋ ನೋಡಿ ಒಬ್ಬನಿಗೆ ದುಡ್ಡು ಕಟ್ಟಿದ್ದೆವು. ಆಗ ಕಾನೂನಿನ ಪ್ರಕಾರ ನನಗೆ ಗೈಡ್ ಬೇಕಿರಲಿಲ್ಲ. ಆದರೆ ಸಕಲೇಶಪುರದ ಕಾಫಿ ತೋಟದಲ್ಲಿ ಹುಟ್ಟಿ ಮರವಿಲ್ಲದ ಚಳಿ ಬಯಲಾದ ಟಂಡ್ರಾದ ಮುಖವನ್ನೇ ನೋಡಿರದವನಿಗೆ ಬುದ್ಧಿಯ ಪ್ರಕಾರ ಬೇಕಿತ್ತು. ಆ ಮನುಷ್ಯ ಸಣ್ಣ ವಿಮಾನದಲ್ಲಿ ನಮ್ಮನ್ನು ನದಿಯ ಜಲ್ಲಿ ದಿಬ್ಬದ ಮೇಲೆ ಇಳಿಸಿ, "ಆರು ದಿನ ಬಿಟ್ಟು ಬರುತ್ತೇನೆ" ಎಂದು ಹಾರಿಹೋದ. ಗೈಡ್ ಎಲ್ಲಿ ಎಂದು ನಾವು ಕೇಳುವಷ್ಟರಲ್ಲಿ ವಿಮಾನ ನೊಣದಷ್ಟಾಗಿತ್ತು. ಮಂಜು ಕವಿದು ಅವನು ಬಂದದ್ದು ಒಂಬತ್ತನೆಯ ದಿನ. ಅಷ್ಟರಲ್ಲಿ ನಾವು ಕಂಡದ್ದು ಒಂದೇ ಒಂದು ಕ್ಯಾರಿಬೂ, ಅದೂ ಕಣಿವೆಯ ಆಚೆ ಬದಿಯಲ್ಲಿ. ಊರಿಗೆ ಬಂದು ಜಗಳಕ್ಕೆ ಹೋದರೆ, ನಾವು ಸಹಿ ಹಾಕಿದ್ದ ಕಾಗದದಲ್ಲಿ ಹೋಗಿ ಬರುವ ವಿಮಾನದ ಮಾತು ಬಿಟ್ಟು ಬೇರೇನೂ ಇರಲಿಲ್ಲ. ಅವನ ಬಳಿ ಇದ್ದದ್ದು ಟ್ರಾನ್ಸ್‌ಪೋರ್ಟರ್ ಲೈಸೆನ್ಸ್ ಮಾತ್ರ. ಬರವಣಿಗೆಯಲ್ಲಿ ಅವನು ಒಂದು ಸುಳ್ಳನ್ನೂ ಹೇಳಿರಲಿಲ್ಲ.

ಹಾಗಾಗಿ ಮೊದಲು ಈ ಹೆಸರುಗಳ ವ್ಯತ್ಯಾಸ ತಿಳಿಯಿರಿ. ಔಟ್‌ಫಿಟ್ಟರ್ ಎಂಬ ಮಾತನ್ನು ಇಲ್ಲಿ ಎಲ್ಲರೂ ಸಲೀಸಾಗಿ ಬಳಸುತ್ತಾರೆ. ಅಲಾಸ್ಕಾದಲ್ಲಿ ಗೈಡ್ ಸಹಿತ ದೊಡ್ಡ ಬೇಟೆಗೆ ನಿಮ್ಮೊಂದಿಗೆ ಒಪ್ಪಂದ ಮಾಡಿಕೊಳ್ಳುವ ಹಕ್ಕಿರುವುದು ರಿಜಿಸ್ಟರ್ಡ್ ಗೈಡ್-ಔಟ್‌ಫಿಟ್ಟರ್‌ಗೆ. ಮಾಸ್ಟರ್ ಗೈಡ್ ಎಂಬುದು ಅದರ ಮೇಲಿನ ದರ್ಜೆ. ಅಸಿಸ್ಟೆಂಟ್ ಗೈಡ್ ಅವರ ಕೈಕೆಳಗೆ ಕೆಲಸ ಮಾಡುವವನು. ಸ್ವಂತವಾಗಿ ಗಿರಾಕಿ ಹಿಡಿಯುವಂತಿಲ್ಲ. ಟ್ರಾನ್ಸ್‌ಪೋರ್ಟರ್ ಸಾಗಿಸುವವನಷ್ಟೇ, ಪ್ರಾಣಿ ಹುಡುಕಿಕೊಡುವುದು, ಜೊತೆಗೆ ನಡೆಯುವುದು, ಸುಲಿಯುವುದು ಅವನ ಕೆಲಸವಲ್ಲ, ಮಾಡಿದರೆ ತಪ್ಪು. ಇವರೆಲ್ಲರ ಲೈಸೆನ್ಸ್ ನೋಡಿಕೊಳ್ಳುವುದು ರಾಜ್ಯದ ಬಿಗ್ ಗೇಮ್ ಕಮರ್ಷಿಯಲ್ ಸರ್ವಿಸಸ್ ಬೋರ್ಡ್. ಹೆಸರು ಹಾಕಿದರೆ ಲೈಸೆನ್ಸ್ ಯಾವುದು, ಚಾಲ್ತಿಯಲ್ಲಿದೆಯೇ ಎಂಬುದು ಸರ್ಕಾರದ ಅಂತರಜಾಲ ತಾಣದಲ್ಲೇ ಸಿಗುತ್ತದೆ. ಐದು ನಿಮಿಷದ ಕೆಲಸ. ರಿಜಿಸ್ಟರ್ಡ್ ಗೈಡ್ ಒಬ್ಬ ಸಾಮಾನ್ಯವಾಗಿ ಮೂರು ಗೈಡ್ ಪ್ರದೇಶಗಳಲ್ಲಿ ಮಾತ್ರ ನೋಂದಾಯಿಸಿಕೊಳ್ಳಬಹುದು. ಇಡೀ ಅಲಾಸ್ಕಾದಲ್ಲಿ ಎಲ್ಲಿ ಬೇಕಾದರೂ ಕರೆದೊಯ್ಯುತ್ತೇನೆ ಎನ್ನುವವನಿಗೆ ನಮಸ್ಕಾರ ಹೇಳಿ ಫೋನ್ ಇಡಿ.

ಗೈಡ್ ಯಾರಿಗೆ ಕಡ್ಡಾಯ ಎಂಬುದು ನಮ್ಮವರಿಗೆ ಅತಿ ಗೊಂದಲದ ಸಂಗತಿ. ಅಲಾಸ್ಕಾದಲ್ಲಿ ಸತತ ಹನ್ನೆರಡು ತಿಂಗಳು ನೆಲೆಸಿದವರು ಇಲ್ಲಿನ ನಿವಾಸಿಗಳು; ಅವರಿಗೆ ಬೇಡ. ಬೇರೆ ರಾಜ್ಯದ ಅಮೆರಿಕನ್ ಪೌರರಿಗೆ ಕಂದು ಕರಡಿ, ಡಾಲ್ ಕುರಿ, ಬೆಟ್ಟದ ಮೇಕೆಗೆ ಸಾಮಾನ್ಯವಾಗಿ ಬೇಕು, ಕ್ಯಾರಿಬೂಗೆ ಬೇಡ. ಅಮೆರಿಕದ ಪೌರರಲ್ಲದ, ಈ ದೇಶದಲ್ಲಿ ಕಾಯಂ ವಾಸವೂ ಇಲ್ಲದ ವಿದೇಶಿಯರಿಗೆ ಕ್ಯಾರಿಬೂ ಸೇರಿ ಎಲ್ಲ ದೊಡ್ಡ ಪ್ರಾಣಿಗೂ ಬೇಕು. ಊರಿನಿಂದ ನೋಡಲು ಬಂದ ತಮ್ಮನನ್ನು ನಿಮ್ಮ ಜೊತೆ ಕರೆದುಕೊಂಡು ಹೋಗಿ ಈಡು ಹೊಡೆಸುವಂತಿಲ್ಲ. ವಿದೇಶಿಯರ ವಿಷಯದಲ್ಲಿ ಒಡಹುಟ್ಟಿದವನೆಂಬುದು ಲೆಕ್ಕಕ್ಕೆ ಬರುವುದಿಲ್ಲ. ವೀಸಾದ ಮೇಲೆ ಡಲ್ಲಾಸಿನಲ್ಲೋ ಸಿಯಾಟಲ್‌ನಲ್ಲೋ ಇರುವವರು ತಾವು ಯಾವ ವರ್ಗಕ್ಕೆ ಸೇರುತ್ತೇವೆಂದು ಅಲಾಸ್ಕಾದ ಫಿಶ್ ಅಂಡ್ ಗೇಮ್ ಇಲಾಖೆಗೆ ಬರೆದು ಕೇಳಿ, ಉತ್ತರವನ್ನು ಇಟ್ಟುಕೊಳ್ಳಿ. ಖರ್ಚಿನ ವ್ಯತ್ಯಾಸವೂ ಸಣ್ಣದಲ್ಲ: ಹೊರ ರಾಜ್ಯದವರಿಗೆ ಬೇಟೆ ಲೈಸೆನ್ಸ್ 160 ಡಾಲರ್, ಕ್ಯಾರಿಬೂ ಟ್ಯಾಗ್ (ಹೊಡೆದ ಪ್ರಾಣಿಗೆ ಕಟ್ಟುವ ಗುರುತುಚೀಟಿ) 650, ವಿದೇಶಿಯರಿಗೆ 630 ಮತ್ತು 850. ಇದು ಸರ್ಕಾರಕ್ಕೆ ಕಟ್ಟುವುದು ಮಾತ್ರ. ಗೈಡ್ ಖರ್ಚು ಹತ್ತು ಸಾವಿರ ಡಾಲರ್ ದಾಟಿದರೆ ಬೆರಗಾಗಬೇಡಿ.

ಕೋವಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಊರಿನಲ್ಲಿ ಕೊಡವರಿಗೆ ಬ್ರಿಟಿಷರ ಕಾಲದಿಂದ ಇರುವ ವಿನಾಯಿತಿ ಇಲ್ಲಿ ಯಾವ ಉಪಯೋಗಕ್ಕೂ ಬಾರದು. ಎಚ್-ಒನ್-ಬಿಯಂಥ ವೀಸಾದಲ್ಲಿ ಇರುವವರು ಬಂದೂಕು ಹಿಡಿಯುವುದೇ ಅಮೆರಿಕದ ಕೇಂದ್ರ ಕಾನೂನಿನಲ್ಲಿ ನಿಷಿದ್ಧ. ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಕೈಯಲ್ಲಿದ್ದರೆ ಅದಕ್ಕೊಂದು ವಿನಾಯಿತಿ ಇದೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ಗುರಿ ಅಭ್ಯಾಸಕ್ಕೆಂದು ಗೆಳೆಯನ ರೈಫಲ್ ಮುಟ್ಟುವ ಮೊದಲೇ ಲೈಸೆನ್ಸ್ ತೆಗೆದುಕೊಳ್ಳಿ, ವೀಸಾ ನೋಡಿಕೊಳ್ಳುವ ವಕೀಲರನ್ನೂ ಒಂದು ಮಾತು ಕೇಳಿ. ಔಟ್‌ಫಿಟ್ಟರ್‌ಗೂ ನಿಮ್ಮ ವೀಸಾ ಯಾವುದೆಂದು ಮೊದಲೇ ಹೇಳಿ. "ಅದೆಲ್ಲ ಯಾರು ನೋಡುತ್ತಾರೆ" ಎಂದನೆಂದರೆ ಅವನು ಬೇರೆ ಕಾನೂನನ್ನೂ ಹಾಗೆಯೇ ನೋಡುತ್ತಾನೆ.

ಇಷ್ಟೆಲ್ಲ ಸರಿಯಿದ್ದರೂ ಮೋಸ ಹೋಗುವುದು ಹಿಂಡಿನ ವಿಷಯದಲ್ಲಿ. ಅಲಾಸ್ಕಾದಲ್ಲಿ ಮೂವತ್ತರಷ್ಟು ಕ್ಯಾರಿಬೂ ಹಿಂಡುಗಳಿವೆ. ಅವುಗಳ ಏಳುಬೀಳು ನಮ್ಮ ಕಾಫಿ ಬೆಲೆಗಿಂತ ವಿಪರೀತ. ವೆಸ್ಟರ್ನ್ ಆರ್ಕ್ಟಿಕ್ ಹಿಂಡು 2003ರಲ್ಲಿ 4,90,000 ಇತ್ತು. 2023ರ ಎಣಿಕೆಯಲ್ಲಿ ಸುಮಾರು 1,52,000. ಮಲ್‌ಚಾಟ್ನಾ ಹಿಂಡು 1990ರ ದಶಕದಲ್ಲಿ ಎರಡು ಲಕ್ಷ ಮುಟ್ಟಿ, ಹತ್ತು ಹದಿಮೂರು ಸಾವಿರಕ್ಕೆ ಇಳಿದು, ಬೇಟೆಯೇ ಮುಚ್ಚಿಹೋಯಿತು. ಆಂಕರೇಜಿನಿಂದ ಕಾರಿನಲ್ಲಿ ಹೋಗಬಹುದಾದ ನೆಲ್ಚಿನಾ ಹಿಂಡು 2019ರಲ್ಲಿ ಐವತ್ತು ಸಾವಿರ ದಾಟಿತ್ತು. 2023ರ ಹೊತ್ತಿಗೆ ಹತ್ತು ಸಾವಿರದೊಳಗೆ ಬಂದು ಅಲ್ಲೂ ಬಾಗಿಲು ಹಾಕಿದರು. ಆ ಹುಡುಗನಿಗೆ ಬಂದಿದ್ದ ಫೋಟೋಗಳು ಯಾವ ವರ್ಷದವು? ಕೇಳಿಸಿದೆ. ಹದಿನೈದು ವರ್ಷ ಹಳೆಯವು. ನೆರೆಯ ಕೆನಡಾದ ಕ್ಯುಬೆಕ್ ಇನ್ನೂ ದೊಡ್ಡ ಪಾಠ: ಜಾರ್ಜ್ ನದಿಯ ಹಿಂಡು ಎಂಟು ಲಕ್ಷದ ಆಸುಪಾಸಿನಿಂದ 2018ಕ್ಕೆ ಐದೂವರೆ ಸಾವಿರಕ್ಕೆ ಕುಸಿಯಿತು, ಅದೇ ವರ್ಷ ಅಲ್ಲಿ ಹವ್ಯಾಸಿ ಬೇಟೆಯನ್ನು ಪೂರ್ತಿ ನಿಲ್ಲಿಸಿದರು. ತಲೆಮಾರಿನಿಂದ ನಡೆದುಬಂದ ಶಿಬಿರಗಳೂ ಅದರೊಂದಿಗೆ ಮುಗಿದವು. ಇಂಥ ಕಡೆ ಎರಡು ವರ್ಷ ಮುಂಚೆ ಮುಂಗಡ ಕೊಡುವುದೆಂದರೆ ಬಾರದ ಮಳೆಗೆ ನಾಟಿ ಆಳು ಗೊತ್ತು ಮಾಡಿದಂತೆ.

ಆದ್ದರಿಂದ ಯಾವ ಹಿಂಡು, ಯಾವ ಗೇಮ್ ಯೂನಿಟ್ (ಬೇಟೆಗೆಂದು ರಾಜ್ಯ ಗುರುತಿಸಿದ ವಲಯ), ಸರ್ಕಾರಿ ನೆಲವೋ ಖಾಸಗಿಯೋ ಎಂದು ಕೇಳಿ. ಉತ್ತರವನ್ನು ಈ ವರ್ಷದ ಬೇಟೆ ನಿಯಮಗಳ ಪುಸ್ತಕದೊಂದಿಗೆ ತಾಳೆ ನೋಡಿ. ಹೋದ ವರ್ಷದ ಪುಸ್ತಕ ಒಲೆ ಹೊತ್ತಿಸಲು ಸರಿ. ವಾಯವ್ಯ ಅಲಾಸ್ಕಾದ ಕೊಟ್ಜೆಬೂ ಸುತ್ತಿನ ಕೆಲವು ಕೇಂದ್ರ ಸರ್ಕಾರದ ಭೂಮಿಗಳನ್ನು 2022ರಿಂದ ಆಗಸ್ಟ್, ಸೆಪ್ಟೆಂಬರ್ ತಿಂಗಳಲ್ಲಿ ಹೊರಗಿನ ಬೇಟೆಗಾರರಿಗೆ ಮುಚ್ಚಿದ್ದರು. ಅದಕ್ಕೆ ಕಾರಣವೂ ಇದೆ. ಕೋಬುಕ್ ನದಿಯ ಆನಿಯನ್ ಪೋರ್ಟೇಜ್ ಎಂಬಲ್ಲಿ ಕ್ಯಾರಿಬೂ ನದಿ ದಾಟುವುದನ್ನು ಕಾದು ಜನ ಬೇಟೆಯಾಡಿದ ಗುರುತು ಸಾವಿರಾರು ವರ್ಷ ಹಿಂದಕ್ಕೆ ಹೋಗುತ್ತದೆ. ಅಲ್ಲಿನ ಮೂಲನಿವಾಸಿಗಳಾದ ಇನ್ಯುಪಿಯಾಕ್ ಹಿರಿಯರು ಮುಂದಾಳು ಪ್ರಾಣಿಗಳನ್ನು ಹಾದುಹೋಗಲು ಬಿಡಬೇಕು ಎನ್ನುತ್ತಾರೆ. ಅವು ತುಳಿದ ದಾರಿಯನ್ನೇ ಹಿಂದಿನವು ಹಿಡಿಯುತ್ತವೆ. ನಡುವೆ ವಿಮಾನ ಇಳಿಸಿ ಡೇರೆ ಹಾಕಿದರೆ ಹಿಂಡು ತಿರುಗಿಕೊಂಡು, ಹಳ್ಳಿಯವರ ಚಳಿಗಾಲದ ಮಾಂಸ ಹೋಗುತ್ತದೆಂಬುದು ಅವರ ದೂರು. ಈ ಮಾತು ತೆಗೆದಾಗ ನಿಮ್ಮ ಔಟ್‌ಫಿಟ್ಟರ್ ಹಳ್ಳಿಯವರನ್ನು ಬೈಯಲು ಶುರುಮಾಡಿದರೆ, ಅವನಿಗೆ ಆ ಜಾಗದಲ್ಲಿ ಮರ್ಯಾದೆಯಿಲ್ಲವೆಂದು ನಾನು ತಿಳಿಯುತ್ತೇನೆ.

ಒಪ್ಪಂದ ಲಿಖಿತದಲ್ಲಿರಬೇಕು, ಇಬ್ಬರ ಸಹಿಯೂ ಇರಬೇಕು. ಅಲಾಸ್ಕಾ ಕಾನೂನು ಅದನ್ನು ಗೈಡ್‌ಗೆ ಕಡ್ಡಾಯ ಮಾಡಿದೆ. ಪ್ರತಿ ಘಟನೆಗೆ ಕನಿಷ್ಠ ಒಂದು ಲಕ್ಷ ಡಾಲರ್, ವರ್ಷಕ್ಕೆ ಮೂರು ಲಕ್ಷದ ಹೊಣೆ ವಿಮೆಯನ್ನೂ ಅವನು ಇಟ್ಟಿರಬೇಕು. ಒಪ್ಪಂದ ಮಾಡಿಕೊಂಡ ರಿಜಿಸ್ಟರ್ಡ್ ಗೈಡ್ ಬೇಟೆಯ ಅವಧಿಯಲ್ಲಿ ಒಮ್ಮೆಯಾದರೂ ಖುದ್ದಾಗಿ ನಿಮ್ಮ ಬಳಿಗೆ ಬರಬೇಕು. ಮಿಕ್ಕದ್ದನ್ನು ನೀವು ಬರೆಸಿಕೊಳ್ಳಬೇಕು: ಸರ್ಕಾರ ಬೇಟೆ ಮುಚ್ಚಿದರೆ ಮುಂಗಡ ಮರಳುತ್ತದೆಯೇ, ಮಂಜಿನಿಂದ ದಿನಗಳು ಹೋದರೆ ಯಾರ ಲೆಕ್ಕ, ಒಬ್ಬ ಗೈಡ್‌ಗೆ ಎಷ್ಟು ಜನ, ಮಾಂಸ ಸಾಗಿಸುವ ಹೆಚ್ಚುವರಿ ವಿಮಾನದ ದುಡ್ಡು ಯಾರು ಕೊಡುವುದು.

ಮಾಂಸದ ಮಾತನ್ನು ಹಗುರ ಮಾಡಬೇಡಿ. ದೊಡ್ಡ ಗಂಡು ಕ್ಯಾರಿಬೂ 160ರಿಂದ 180 ಕಿಲೋ ತೂಗುತ್ತದೆ. ತಿನ್ನಬಹುದಾದ ಮಾಂಸವನ್ನೆಲ್ಲ ಹೊತ್ತು ತರುವುದು ಕಾನೂನು. ಕೊಂಬು ಬರಬೇಕಾದದ್ದು ಕೊನೆಯ ಹೊರೆಯೊಂದಿಗೆ ಅಥವಾ ಅದರ ಆಮೇಲೆ, ಮೊದಲಲ್ಲ. ಕೊಂಬಿನ ಬಗ್ಗೆ ಅರ್ಧ ಗಂಟೆ ಮಾತನಾಡಿ ಮಾಂಸದ ಬಗ್ಗೆ ಬಾಯಿ ಬಿಡದವನನ್ನು ನಾನು ನಂಬುವುದಿಲ್ಲ. ದಿನಾಂಕವನ್ನೂ ಕೇಳಿ: ಸೆಪ್ಟೆಂಬರ್ ಕೊನೆಗೆ ಗಂಡುಗಳು ಬೆದೆಗೆ ಬಂದ ಮೇಲೆ ಅವುಗಳ ಮಾಂಸದ ನಾತಕ್ಕೆ ಯಾವ ಮಸಾಲೆಯೂ ಸಾಲದು. ಹೆಣ್ಣಿಗೂ ಕೊಂಬಿರುವ ಜಿಂಕೆಯ ಜಾತಿ ಇದೊಂದೇ. ಗಂಡನ್ನು ಮಾತ್ರ ಹೊಡೆಯಬಹುದಾದ ಕಡೆ ಹೊಸಬರು ಜೈಲಿನ ಬಾಗಿಲು ತಟ್ಟುವುದು ಇಲ್ಲಿಯೇ. ಗೈಡ್‌ಗೆ ಕೊಡುವ ದುಡ್ಡಿನ ಒಂದು ಪಾಲು ಆ ಒಂದು ಕ್ಷಣಕ್ಕೆ ಎಂದುಕೊಳ್ಳಿ. ಇನ್ನೊಂದು: ಸಣ್ಣ ವಿಮಾನದಲ್ಲಿ ಹಾರಿ ಇಳಿದ ದಿನ ಈಡು ಹೊಡೆಯುವಂತಿಲ್ಲ, ಮರುದಿನ ಬೆಳಗಿನ ಜಾವ ಮೂರು ಗಂಟೆಯವರೆಗೆ ಕಾಯಬೇಕು. "ಇಳಿದ ಕೂಡಲೇ ಹೊಡೆಯಿರಿ" ಎಂದು ಯಾರಾದರೂ ಹುರಿದುಂಬಿಸಿದರೆ ದಂಡ ಕಟ್ಟುವವರ ಸಾಲಿನಲ್ಲಿ ನೀವೂ ಇರುತ್ತೀರಿ.

ಇದೆಲ್ಲದರ ಮೇಲೆ ನಾನು ಕೇಳಿಸುವ ಪ್ರಶ್ನೆ ಒಂದೇ: ಕ್ಯಾರಿಬೂ ಬಾರದೆ ಹೋದರೆ? ಆ ಹುಡುಗ ಚಳಿಗಾಲದಲ್ಲಿ ಲೈಸೆನ್ಸ್ ನೋಡಿ ಮೂವರನ್ನು ಆರಿಸಿಕೊಂಡು ಫೋನ್ ಮಾಡಿದ. ಒಬ್ಬ, "ನೂರಕ್ಕೆ ನೂರು ಬರುತ್ತದೆ" ಎಂದ. ಇನ್ನೊಬ್ಬ ನಕ್ಕು ಮಾತು ಹಾರಿಸಿದ. ಮೂರನೆಯವರು ವಯಸ್ಸಾದ ಗೈಡ್, "ಹೋದ ವರ್ಷ ಆರು ಜನರಲ್ಲಿ ಇಬ್ಬರು ಬರಿಗೈಯಲ್ಲಿ ಹೋದರು. ಅವರಿಬ್ಬರನ್ನು ಕೇಳಿ ನಿಮ್ಮ ನಂಬರ್ ಕೊಡುತ್ತೇನೆ, ಮೊದಲು ಅವರ ಹತ್ತಿರ ಮಾತನಾಡಿ" ಎಂದರು. ಆ ಇಬ್ಬರಲ್ಲಿ ಒಬ್ಬ ಕರೆ ಮಾಡಲಿಲ್ಲ. ಇನ್ನೊಬ್ಬ ಕರೆ ಮಾಡಿ ಒಂದು ಗಂಟೆ ಮಾತನಾಡಿದನಂತೆ. ಅದರಲ್ಲಿ ಮುಕ್ಕಾಲು ಭಾಗ ಮಂಜು, ಒದ್ದೆ ಕಾಲುಚೀಲ ಮತ್ತು ಡೇರೆಯಲ್ಲಿ ಆ ಗೈಡ್ ಮಾಡಿಕೊಡುತ್ತಿದ್ದ ದೋಸೆಯಂಥ ಪ್ಯಾನ್‌ಕೇಕಿನ ವಿಷಯ. ಮತ್ತೆ ಹೋಗುತ್ತೀರಾ ಎಂದು ಕೇಳಿದ್ದಕ್ಕೆ, ಆಗಲೇ ಬುಕ್ ಮಾಡಿದ್ದೇನೆ ಎಂದನಂತೆ.

ಹುಡುಗ ಬರುವ ಆಗಸ್ಟಿಗೆ ಮುಂಗಡ ಕಳಿಸಿದ್ದಾನೆ. ಮೊನ್ನೆ ಮತ್ತೆ ಫೋನ್ ಮಾಡಿದ್ದ: ವಿಮಾನದಲ್ಲಿ ಸಾಮಾನಿನ ತೂಕಕ್ಕೆ ಮಿತಿ ಹಾಕಿದ್ದಾರೆ, ಕಾಚಂಪುಳಿ ಒಯ್ಯಬಹುದೇ ಅಣ್ಣ, ಎಂದು. ಸಣ್ಣ ಸೀಸೆಯಾದರೆ ಒಯ್ಯಿ, ಮುಚ್ಚಳ ಮಾತ್ರ ಬಿಗಿಯಾಗಿರಲಿ ಎಂದಿದ್ದೇನೆ.