ಅಗಸಿ ಹಿಂಡಿ: ಮೈಗೆ ಹತ್ತುವಂತೆ ಮಾಡುವುದು ಹೇಗೆ?

ಹೊಟ್ಟೆ ತುಂಬಿಸುವುದರ ಜೊತೆಗೆ ಕಾಯಿಲೆ ದೂರವಿಡಲೂ ನೆರವಾಗುವ ಆಹಾರವನ್ನು ‘ಫಂಕ್ಷನಲ್ ಫುಡ್’ ಎನ್ನುತ್ತಾರೆ. ಜಪಾನ್ 1991ರಲ್ಲೇ ಇಂಥವಕ್ಕೆ ಸರ್ಕಾರಿ ಮಾನ್ಯತೆ ಕೊಡಲು ಶುರುಮಾಡಿತು. ಉತ್ತರ ಕರ್ನಾಟಕದವರು ಜೋಳದ ರೊಟ್ಟಿಗೆ ಹಚ್ಚಿಕೊಳ್ಳುವ ಅಗಸಿ ಹಿಂಡಿಯೂ, ಅಂದರೆ ಅಗಸೆ ಬೀಜದ ಚಟ್ನಿಪುಡಿಯೂ, ಅದೇ ಸಾಲಿನದು. ಅಗಸೆಯಲ್ಲಿ ಒಮೆಗಾ-3 ಕೊಬ್ಬು, ನಾರು, ಲಿಗ್ನಾನ್ ಎಂಬ ಸಸ್ಯಜನ್ಯ ಸಂಯುಕ್ತ ಮೂರೂ ಹೇರಳ. ಆದರೆ ಬೀಜವನ್ನು ಇಡಿಯಾಗಿ ನುಂಗಿದರೆ ಬಹುಪಾಲು ಅರಗದೆ ಹಾಗೇ ಹೊರಹೋಗುತ್ತದೆ. ಪುಡಿ ಮಾಡಲೇಬೇಕು.

ಒಂದು ಬಟ್ಟಲು ಅಗಸೆಯನ್ನು ಮರಳು, ಕಡ್ಡಿ ಇಲ್ಲದಂತೆ ಹಸನು ಮಾಡಿ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈಬಿಡದೆ ಹುರಿಯಿರಿ. ಚಟಪಟ ಸದ್ದು ಶುರುವಾದ ಮೇಲೆ ಒಂದು ಕಾಳು ಕಚ್ಚಿ ನೋಡಿ. ಹಲ್ಲಿಗೆ ಅಂಟಿದರೆ ಇನ್ನೂ ಹಸಿ, ಕಟುಂ ಎಂದು ಮುರಿದರೆ ಸಾಕು, ತಕ್ಷಣ ತಟ್ಟೆಗೆ ಸುರಿಯಿರಿ. ಕಪ್ಪಾದರೆ ಕಹಿಯಾಗುತ್ತದೆ.

ಅದೇ ಬಾಣಲೆಯಲ್ಲಿ ಆರೇಳು ಬ್ಯಾಡಗಿ ಮೆಣಸಿನಕಾಯಿ, ಜೀರಿಗೆ, ಕರಿಬೇವು, ಬೆಳ್ಳುಳ್ಳಿಯನ್ನು ಗರಿಗರಿಯಾಗುವವರೆಗೆ ಹುರಿಯಿರಿ. ಎಲ್ಲವೂ ಪೂರ್ತಿ ಆರಿದ ಮೇಲೆ ಚೂರು ಹುಣಸೆ, ಉಪ್ಪು ಸೇರಿಸಿ ಮಿಕ್ಸಿಗೆ ಹಾಕಿ. ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮನೆ ಓಡಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ.

ಉಪ್ಪು ಅರ್ಧ ಚಹಾ ಚಮಚ ದಾಟದಿರಲಿ. ರಕ್ತದೊತ್ತಡಕ್ಕೆಂದು ಅಗಸೆ ತಿಂದು, ಅದರಲ್ಲೇ ಉಪ್ಪು ಸುರಿದುಕೊಂಡರೆ ಏನು ಬಂತು? ದಿನವಿಡೀ ತಿನ್ನುವ ಉಪ್ಪು 5 ಗ್ರಾಂ ಒಳಗಿರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಎಷ್ಟು ತಿನ್ನಬೇಕು? ಕಾಲಿನ ರಕ್ತನಾಳ ಕಿರಿದಾದವರ ಮೇಲೆ ಕೆನಡಾದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರು ತಿಂಗಳು ದಿನಕ್ಕೆ 30 ಗ್ರಾಂ ಅಗಸೆ ಪುಡಿ ತಿಂದವರ ರಕ್ತದೊತ್ತಡ ಗಣನೀಯವಾಗಿ ಇಳಿದಿತ್ತು. ಊಟಕ್ಕೊಂದು ಚಮಚ ಹಿಂಡಿಯಿಂದ ಅಷ್ಟನ್ನು ನಿರೀಕ್ಷಿಸಬೇಡಿ. ಖಾರ ಹಾಕದ ಪುಡಿಯನ್ನು ಬೇರೆಯಾಗಿಟ್ಟುಕೊಂಡು ರೊಟ್ಟಿ ಹಿಟ್ಟಿಗೆ, ಮಜ್ಜಿಗೆಗೆ ಬೆರೆಸಿದರೆ ಪ್ರಮಾಣ ತಾನಾಗಿ ಹೆಚ್ಚುತ್ತದೆ. ಒಮ್ಮೆಲೇ ಬೇಡ, ಒಂದು ಚಮಚದಿಂದ ಶುರುಮಾಡಿ. ನೀರು ಚೆನ್ನಾಗಿ ಕುಡಿಯದಿದ್ದರೆ ಇಷ್ಟು ನಾರು ಹೊಟ್ಟೆ ಕಟ್ಟಿಸುತ್ತದೆ. ಬಿಪಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರು, ಗರ್ಭಿಣಿಯರು ಮೊದಲು ವೈದ್ಯರನ್ನು ಕೇಳಿ.

ಪುಡಿಯಾದ ಅಗಸೆ ಗಾಳಿಗೆ ಬೇಗ ಕೆಡುತ್ತದೆ. ಗಾಜಿನ ಬಾಟಲಿಯಲ್ಲಿ ತುಂಬಿ ಫ್ರಿಜ್‌ನಲ್ಲಿಡಿ, ಎರಡು ವಾರಕ್ಕಾಗುವಷ್ಟನ್ನೇ ಮಾಡಿಕೊಳ್ಳಿ. ಕಮಟು ವಾಸನೆ ಬಂದರೆ ಮುಲಾಜಿಲ್ಲದೆ ಚೆಲ್ಲಿಬಿಡಿ.