ಹಾಯಿದೋಣಿಯ ವೈರಿಂಗ್ ಮೊದಲು ನಮ್ಮ ತಾರಸಿ ಮೇಲೆ

ಬೆಳಗಾವಿಯಲ್ಲಿ ನನ್ನದು ಎಲೆಕ್ಟ್ರಾನಿಕ್ಸ್ ರಿಪೇರಿ ಕೆಲಸ. ಗೆಳೆಯನ ಹಾಯಿದೋಣಿ ನಿಲ್ಲುವುದು ಗೋವಾದ ಮಾಂಡೋವಿ ನದಿಯಲ್ಲಿ. ನಮ್ಮ ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿಯೇ ಅಲ್ಲಿ ಮಾಂಡೋವಿ. ಹೋದ ವರ್ಷ ಆ ದೋಣಿಯ ಪ್ಲಾಟರ್ (ನಕ್ಷೆ ತೋರಿಸುವ ಪರದೆ), ಜಿಪಿಎಸ್, ಆಳ ತೋರಿಸುವ ಮೀಟರ್, ಗಾಳಿ ಮೀಟರ್, ದೋಣಿಯವರು ಮಾತಾಡುವ ವಿಎಚ್‌ಎಫ್ ರೇಡಿಯೊ ಎಲ್ಲವನ್ನೂ ಒಂದಕ್ಕೊಂದು ಜೋಡಿಸಿಕೊಟ್ಟೆ.

ಸಾಮಾನು ಸೀದಾ ದೋಣಿಗೆ ಒಯ್ಯಲಿಲ್ಲ. ಮೊದಲು ನಮ್ಮ ಮನೆ ತಾರಸಿ ಮೇಲೆ ಟೇಬಲ್ ಹಾಕಿ ಎಲ್ಲವನ್ನೂ ಹರಡಿಕೊಂಡೆ. ದೋಣಿಯ ಮೂಲೆಯಲ್ಲಿ ಬಗ್ಗಿ, ಟಾರ್ಚ್ ಹಿಡಿದು ತಪ್ಪು ಹುಡುಕುವುದು ಬಹಳ ಕಷ್ಟ.

ಹೊಸ ಉಪಕರಣಗಳೆಲ್ಲ ಎನ್‌ಎಂಇಎ 2000 ಪದ್ಧತಿಯವು, ಅಂದರೆ ದೋಣಿಯ ಉಪಕರಣಗಳು ಒಂದಕ್ಕೊಂದು ಮಾಹಿತಿ ಕಳಿಸುವ ಪದ್ಧತಿ. ಒಂದು ಮುಖ್ಯ ಕೇಬಲ್, ಅದರಿಂದ ಒಂದೊಂದು ಉಪಕರಣಕ್ಕೂ ಒಂದು ಕವಲು. ಕವಲು 6 ಮೀಟರ್ ದಾಟಬಾರದು. ಮುಖ್ಯ ಕೇಬಲ್‌ನ ಎರಡೂ ತುದಿಗೆ 120 ಓಮ್‌ನ ಟರ್ಮಿನೇಟರ್, ಅಂದರೆ ತುದಿಗೆ ಹಾಕುವ ರೆಸಿಸ್ಟರ್, ಬೇಕೇ ಬೇಕು. 12 ವೋಲ್ಟ್ ಸಪ್ಲೈ ಫ್ಯೂಸ್ ಮೂಲಕ ಕೊಟ್ಟೆ.

ರೇಡಿಯೊ ಮಾತ್ರ ಹಳೆಯದು, ಹಳೇ ಪದ್ಧತಿಯಾದ ಎನ್‌ಎಂಇಎ 0183ರದ್ದು. ಅದಕ್ಕೆ ಪ್ಲಾಟರ್‌ನಿಂದ ಎರಡು ವೈರ್ ಎಳೆಯಬೇಕು, ಎರಡೂ ಕಡೆ ಮಾಹಿತಿಯ ವೇಗ ಸೆಕೆಂಡಿಗೆ 4800 ಬಿಟ್ ಇರಬೇಕು. ಇದನ್ನು ಸುಮ್ನೆ ಬಿಡುವವರೇ ಜಾಸ್ತಿ. ದಯವಿಟ್ಟು ಬಿಡಬೇಡಿ. ರೇಡಿಯೊದ ಕೆಂಪು ಬಟನ್ ಒತ್ತಿದಾಗ ಅಪಾಯದ ಕರೆಯ ಜೊತೆ ದೋಣಿ ಎಲ್ಲಿದೆ ಅನ್ನುವುದೂ ಹೋಗಬೇಕು ಅಲ್ವಾ? ಜಿಪಿಎಸ್ ಸೇರಿಸದಿದ್ದರೆ ಅದು ತಾನಾಗಿ ಹೋಗುವುದಿಲ್ಲ. ವೈರ್‌ಗಳ ಬಣ್ಣ ಕಂಪನಿಗೊಂದು ಥರ, ಹಾಗಾಗಿ ಬಣ್ಣ ನಂಬದೆ ಪುಸ್ತಕ ನೋಡಿ. ನಾನು ಆ ಎರಡು ವೈರ್‌ಗಳನ್ನು, ಅಂದರೆ ಎ ಮತ್ತು ಬಿಯನ್ನು, ಅದಲು ಬದಲು ಹಾಕಿದ್ದೆ, ರೇಡಿಯೊದಲ್ಲಿ ಬರೀ ಅಡ್ಡಗೆರೆ. ತಿರುಗಿಸಿ ಹಾಕಿದೆ. ಸ್ವಲ್ಪ ಹೊತ್ತಿಗೆ ಉತ್ತರ 15 ಡಿಗ್ರಿ 51 ಮಿನಿಟ್ ಅಂತ ಮೂಡಿತು. ನಮ್ಮ ಬೆಳಗಾವಿ!

ಆಮೇಲೆ ಎಲ್ಲವನ್ನೂ ಬಿಚ್ಚಿ, ವೈರ್‌ಗಳಿಗೆ ಚೀಟಿ ಅಂಟಿಸಿ, ಚೋರ್ಲಾ ಘಾಟಿ ಇಳಿದೆವು.

ದೋಣಿಯಲ್ಲಿ ಗಾಳಿ ಮೀಟರ್ ಇರುವುದು ಹಾಯಿ ಕಟ್ಟುವ ಕಂಬದ ತುದಿಗೆ. ಕಂಬದೊಳಗಿನ ಹಳೇ ಕೇಬಲ್ಲನ್ನೇ ಉಳಿಸಿಕೊಂಡು ಮುಖ್ಯ ಕೇಬಲ್‌ಗೆ ಸೇರಿಸಿದೆವು. ಒಂದು ಟರ್ಮಿನೇಟರ್ ಅದರ ಮೇಲ್ತುದಿಯಲ್ಲಿದೆ. ಸ್ವಿಚ್ ಹಾಕಿದರೆ ಗಾಳಿಯ ಲೆಕ್ಕವೇ ಇಲ್ಲ, ಆಳದ ಅಂಕಿ ಬಂದು ಬಂದು ಮಾಯ. ಸಪ್ಲೈ ತೆಗೆದು ಡೇಟಾದ ಎರಡು ಪಿನ್‌ಗಳ ನಡುವೆ ಮಲ್ಟಿಮೀಟರ್ ಹಿಡಿದೆ. ಎರಡು ಟರ್ಮಿನೇಟರ್ ಸರಿಯಾಗಿ ಸೇರಿದ್ದರೆ 120ರ ಅರ್ಧ, 60 ಓಮ್ ತೋರಿಸಬೇಕು, ಏಕೆಂದರೆ ಅವು ಸಮಾನಾಂತರವಾಗಿ ಸೇರಿರುತ್ತವೆ. 120 ತೋರಿಸಿತು. ಅಂದರೆ ಒಂದು ತುದಿ ಕಡಿದಿದೆ. ಕಂಬದ ಬುಡದ ಕನೆಕ್ಟರ್ ಬಿಚ್ಚಿದೆ. ಒಂದು ಪಿನ್ ತಾಮ್ರದ ಹಳೇ ಚೊಂಬಿನಂತೆ ಹಸಿರು ಕಿಲುಬು ಹಿಡಿದಿತ್ತು. ಉಪ್ಪುಗಾಳಿಯ ಕೆಲಸ. ಕನೆಕ್ಟರನ್ನೇ ಬದಲಿಸಿ, ತವರ ಲೇಪದ ವೈರ್ ಹಾಕಿ ಮತ್ತೆ ಮೀಟರ್ ಹಿಡಿದೆ.

60. ಗೆಳೆಯ ಕಂಬದ ತುದಿ ನೋಡುತ್ತಿದ್ದ, ನಾನು ಪರದೆ. ಗಾಳಿಯ ಮುಳ್ಳು ಅಲ್ಲಿ ತಿರುಗಿದ ಹಾಗೇ ಇಲ್ಲೂ ತಿರುಗಿತು.