ರಬ್ಬರ್ ಮೀನಿಗೆ ಕಣ್ಣು ಕೂರಿಸುವುದು

ಮಳೆಗಾಲದಲ್ಲಿ ನನ್ನ ಕೆಲಸ ಇದೇ. ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳೆಲ್ಲ ದಡದಲ್ಲಿರುತ್ತವೆ. ಹಂಗಾರಕಟ್ಟೆಯ ಹತ್ತಿರ ಹೊಳೆಯಲ್ಲಿ ಕೆಂಪು ನೀರು ಇಳಿಯುತ್ತಿರುತ್ತದೆ, ಗಾಳ ಎಸೆದರೂ ಪ್ರಯೋಜನ ಇಲ್ಲ. ಆಗ ಹಿತ್ತಿಲ ಕೊಟ್ಟಿಗೆಯಲ್ಲಿ ಕೂತು, ಗಾಳಕ್ಕೆ ಸಿಕ್ಕಿಸಿ ದೊಡ್ಡ ಮೀನನ್ನು ಸೆಳೆಯುವ ರಬ್ಬರ್ ಮೀನು ಎರಕ ಹೊಯ್ಯುತ್ತೇನೆ. ಎಲ್ಲರೂ ರಬ್ಬರ್ ಅಂದರೂ ಅದು ಪ್ಲಾಸ್ಟಿಸಾಲ್. ಹಾಲಿನ ಹಾಗೆ ಬೆಳ್ಳಗಿರುವ ದ್ರವ, ಕಾಸಿದರೆ ಮೊದಲು ಗಟ್ಟಿಯಾಗಿ ಆಮೇಲೆ ತಿಳಿಯಾಗಿ ಹರಿಯುತ್ತದೆ. ಎರಕ ಹೊಯ್ಯುವುದು ಬೇಗ ಕೈಗೆ ಹತ್ತಿತು. ಕಣ್ಣು ಕೂರಿಸುವುದು ಕಲಿಯಲು ಮಾತ್ರ ಎರಡು ಮಳೆಗಾಲ ಬೇಕಾಯಿತು.

ಮೊದಲ ವರ್ಷ ಸ್ಟಿಕ್ಕರ್ ಕಣ್ಣನ್ನು ಹಾಗೇ ಅಂಟಿಸಿದೆ. ಮೂರನೇ ಎಸೆತಕ್ಕೆ ಒಂದು ಕಣ್ಣು ಹೋಯಿತು, ಐದನೆಯದಕ್ಕೆ ಇನ್ನೊಂದು. ಬಳೆ ಅಂಗಡಿಯಿಂದ ಅರ್ಧ ಮುತ್ತು ತಂದು ಒತ್ತಿ ಕೂರಿಸಿದೆ. ವಾರ ಬಿಟ್ಟು ಡಬ್ಬಿ ತೆಗೆದರೆ ಮುತ್ತು ಕರಗಿ ಅಂಟಂಟಾಗಿತ್ತು. ಪರ್ಮನೆಂಟ್ ಮಾರ್ಕರಿನಲ್ಲಿ ಚುಕ್ಕೆ ಇಟ್ಟದ್ದು ಚೆನ್ನಾಗಿಯೇ ಕಂಡಿತು. ತಿಂಗಳಲ್ಲಿ ಶಾಯಿ ಹರಡಿ ಇಡೀ ತಲೆ ಬೂದಿ ಬಣ್ಣಕ್ಕೆ ತಿರುಗಿತು.

ಮೂರಕ್ಕೂ ಕಾರಣ ಒಂದೇ. ಪ್ಲಾಸ್ಟಿಸಾಲನ್ನು ಮೆತ್ತಗಿಡುವುದು ಅದರೊಳಗಿನ ಎಣ್ಣೆಯಂಥ ಪ್ಲಾಸ್ಟಿಸೈಜರ್. ಅದು ಒಳಗೆ ಸುಮ್ನೆ ಕೂರುವುದಿಲ್ಲ, ನಿಧಾನವಾಗಿ ಹೊರಗೆ ಜಿನುಗುತ್ತಲೇ ಇರುತ್ತದೆ. ಸ್ಟಿಕ್ಕರಿನ ಗೋಂದನ್ನು ಅದೇ ಬಿಡಿಸುತ್ತದೆ, ಶಾಯಿಯನ್ನು ಅದೇ ಎಳೆದುಕೊಂಡು ಹೋಗುತ್ತದೆ, ಕೆಲವು ಗಟ್ಟಿ ಪ್ಲಾಸ್ಟಿಕ್ಕುಗಳನ್ನು ಅದೇ ತಿನ್ನುತ್ತದೆ. ಸೂಪರ್ ಗ್ಲೂ ಹಿಡಿಯುತ್ತದೆ ನಿಜ, ಆದರೆ ಒಣಗಿ ಗಾಜಿನ ಹಾಗಾಗುತ್ತದೆ. ಮೀನಿನ ತಲೆ ಬಾಗುತ್ತದೆ, ಗ್ಲೂ ಬಾಗುವುದಿಲ್ಲ. ಹಾಗಾಗಿ ಬಿರುಕು ಬಿಡುತ್ತದೆ. ಕಣ್ಣು ಉಳಿಯಬೇಕಾದರೆ ಅದು ಚರ್ಮದ ಒಳಗೆ ಹೋಗಬೇಕು. ಕೆಳಗೂ ಪ್ಲಾಸ್ಟಿಸಾಲ್, ಮೇಲೂ ಪ್ಲಾಸ್ಟಿಸಾಲ್, ನಡುವೆ ಕಣ್ಣು.

ಮೊದಲು ಅಳತೆ. ಮಾರ್ಕೆಟಿನಿಂದ ತಂದ ಬೂತಾಯಿಯ ಪಕ್ಕ ಸ್ಕೇಲ್ ಇಟ್ಟು ನೋಡಿದೆ. ಸುಮಾರು 12 ಸೆಂ.ಮೀ. ಮೀನಿಗೆ 7 ಮಿ.ಮೀ. ಕಣ್ಣು. ಕಣ್ಣಿನಿಂದ ಮೂತಿಗೆ ಇರುವ ದೂರವೂ ಹೆಚ್ಚುಕಡಿಮೆ ಅಷ್ಟೇ. ನಾವು ಕಣ್ಣನ್ನು ಜಾಸ್ತಿ ಹಿಂದೆ, ಜಾಸ್ತಿ ಮೇಲೆ ಇಡುತ್ತೇವೆ. ನಿಜವಾದ ಮೀನಿನಲ್ಲಿ ಅದು ಮೂತಿಗೆ ಹತ್ತಿರ ಇರುತ್ತದೆ, ದೊಡ್ಡದಾಗಿಯೂ ಇರುತ್ತದೆ. ಆ ಲೆಕ್ಕದಲ್ಲಿ 3 ಇಂಚಿನ ರಬ್ಬರ್ ಮೀನಿಗೆ 4 ಅಥವಾ 5 ಮಿ.ಮೀ. ಕಣ್ಣು ಸರಿ. ಉಬ್ಬಿದ ಮೇಲ್ಮೈಯ 3ಡಿ ಕಣ್ಣು ತೆಗೆದುಕೊಳ್ಳಿ. ಅದನ್ನು ಬಿಸಿ ಪ್ಲಾಸ್ಟಿಸಾಲಿನಲ್ಲಿ ಒಮ್ಮೆ ಪರೀಕ್ಷಿಸಿ. ಅಗ್ಗದ ಕೆಲವು ಕಣ್ಣು ಬಿಸಿಗೆ ಮಸುಕಾಗುತ್ತವೆ, ಸೊಟ್ಟಗಾಗುತ್ತವೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸೀಸದ ಜಿಗ್ ಹೆಡ್ (ಗಾಳದ ಜೊತೆಗೇ ಬರುವ ಸೀಸದ ತಲೆ) ಹೊರಗೆ ಕಾಣುವ ಹಾಗೆ ಹಾಕುವವರು ರಬ್ಬರಿಗೆ ಕಣ್ಣು ಕೂರಿಸಬೇಡಿ, ಆ ಸೀಸಕ್ಕೇ ಕೂರಿಸಿ. ಇಲ್ಲದಿದ್ದರೆ ಕಣ್ಣು ಕತ್ತಿನಲ್ಲಿ ಇದ್ದ ಹಾಗಾಗುತ್ತದೆ, ಅಲ್ವಾ?

ಎರಡೂ ಕಣ್ಣು ಒಂದೇ ನೇರಕ್ಕೆ ಬರಲು ನಾನು ಹೊಲಿಗೆ ಸೂಜಿ ಬಳಸುತ್ತೇನೆ. ಒಂದು ಕಡೆ ಕಣ್ಣಿನ ಜಾಗದಲ್ಲಿ ಚುಚ್ಚಿ, ತಲೆಯ ಮೂಲಕ ಅಡ್ಡಡ್ಡ ಹಾಯಿಸಿ, ಇನ್ನೊಂದು ಕಡೆ ತುದಿ ಹೊರಗೆ ಬರುವ ಹಾಗೆ ಮಾಡಿ, ಸೂಜಿ ಅಲ್ಲೇ ಇರಲಿ. ಮೇಲಿನಿಂದಲೂ ಮೂತಿ ಕಡೆಯಿಂದಲೂ ನೋಡಿ. ಸೂಜಿ ಓರೆಯಾಗಿದ್ದರೆ ಈಗಲೇ ತೆಗೆದು ಮತ್ತೆ ಚುಚ್ಚಿ. ಆ ಸಣ್ಣ ತೂತು ಆಮೇಲೆ ಮುಚ್ಚಿಹೋಗುತ್ತದೆ.

ಈಗ ಗುಳಿ. ಕಣ್ಣಿನಷ್ಟೇ ಅಗಲದ ತಲೆ ಇರುವ ಮೊಳೆ ಹುಡುಕಿ, ಇಕ್ಕಳದಲ್ಲಿ ಹಿಡಿಯಿರಿ. ಮೇಣದ ಬತ್ತಿಯಲ್ಲಿ ಕಾಸಬೇಡಿ, ಮಸಿ ಹಿಡಿದು ಗುಳಿ ಕಪ್ಪಾಗುತ್ತದೆ. ಸ್ಪಿರಿಟ್ ದೀಪ ಒಳ್ಳೆಯದು. ಬಿಸಿಯಾದ ಮೊಳೆಯನ್ನು ಒಂದು ತುಂಡು ರಬ್ಬರಿಗೆ ಮುಟ್ಟಿಸಿ ನೋಡಿ. ಹೊಗೆ ಬಂದರೆ ಬಿಸಿ ಜಾಸ್ತಿ, ಸ್ವಲ್ಪ ಆರಲು ಬಿಡಿ. ಹೊಗೆ ಇಲ್ಲದೆ ಮೆಲ್ಲಗೆ ಇಳಿಯಬೇಕು. ಒಂದು ಸೆಕೆಂಡು ಒತ್ತಿ ನೇರವಾಗಿ ಎತ್ತಿ. ಗುಳಿಯ ಅಂಚಿನಲ್ಲಿ ಸಣ್ಣ ದಿಂಡು ಏಳುತ್ತದೆ, ಅದನ್ನು ಕತ್ತರಿಸಬೇಡಿ. ಕಣ್ಣನ್ನು ಸುತ್ತಲಿಂದ ಹಿಡಿದುಕೊಳ್ಳುವುದು ಅದೇ. ಕಣ್ಣು ಇಟ್ಟಾಗ ಅದರ ಉಬ್ಬು ಮಾತ್ರ ಚರ್ಮದ ಸಮಕ್ಕೆ ಬರುವಷ್ಟು ಆಳ ಸಾಕು.

ಕಣ್ಣು ಇಡುವ ಮೊದಲು ಗುಳಿಯನ್ನು ಸ್ಪಿರಿಟ್ ಮುಟ್ಟಿಸಿದ ಬಟ್ಟೆಯಿಂದ ಒರೆಸಿ ಒಣಗಲು ಬಿಡಿ. ಮೀನನ್ನು ಸೆಳೆಯಲು ವಾಸನೆ ಎಣ್ಣೆ ಹಚ್ಚುವುದೆಲ್ಲ ಕಣ್ಣಿನ ಕೆಲಸ ಮುಗಿದ ಮೇಲೆ.

ಬಣ್ಣ ಹಾಕದ ತಿಳಿ ಪ್ಲಾಸ್ಟಿಸಾಲ್ 30 ಮಿ.ಲೀ. ಸಾಕು. 170ರಿಂದ 175 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಸಿ, ಇನ್‌ಫ್ರಾರೆಡ್ ಥರ್ಮಾಮೀಟರಿನಲ್ಲಿ ನೋಡುತ್ತಿರಿ. ಜಾಸ್ತಿ ಕಾದರೆ ಹಳದಿಯಾಗುತ್ತದೆ, ಅದರ ಹೊಗೆ ಗಂಟಲು ಸುಡುತ್ತದೆ. ಅಡುಗೆ ಮನೆಯಲ್ಲಿ ಇದನ್ನು ಮಾಡಲೇಬೇಡಿ. ಗಾಳಿ ಆಡುವ ಜಾಗ, ಬೇರೆಯೇ ಪಾತ್ರೆ, ಕೈಗವಸು, ಕಣ್ಣಿಗೆ ಕನ್ನಡಕ ಬೇಕು. ಮುಖ್ಯವಾಗಿ, ಒಂದು ಹನಿ ನೀರೂ ಹತ್ತಿರ ಬರಬಾರದು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಒಣಗಿದೆ ಅಂದುಕೊಂಡದ್ದೂ ಒದ್ದೆಯೇ ಇರುತ್ತದೆ. ಒದ್ದೆ ರಬ್ಬರನ್ನು ಬಿಸಿ ಪ್ಲಾಸ್ಟಿಸಾಲಿಗೆ ಇಳಿಸಿ ನನ್ನ ಮಣಿಕಟ್ಟಿನ ಮೇಲೆ ಸಿಡಿದ ಕಲೆ ಇನ್ನೂ ಇದೆ. ಈಗ ಎರಕ ಹೊಯ್ದ ಮೀನುಗಳನ್ನು ಒಂದು ರಾತ್ರಿ ಬಲ್ಬಿನ ಪಕ್ಕ ನೇತುಹಾಕುತ್ತೇನೆ.

ಹೆಣಿಗೆ ಕಡ್ಡಿಯ ತುದಿ ಅದ್ದಿ ಗುಳಿಗೆ ಒಂದೇ ಹನಿ ಬಿಡಿ. ಕೂಡಲೇ ಕಣ್ಣು ಇಟ್ಟು, ಟೂತ್‌ಪಿಕ್ಕಿನಿಂದ ನಡುವಿನಲ್ಲಿ ಒತ್ತಿ. ಅಂಚಿನಲ್ಲಿ ತೆಳ್ಳಗೆ ಉಕ್ಕಿ ಬಂದರೆ ಅಳತೆ ಸರಿಯಾಗಿದೆ ಎಂದರ್ಥ. ಪಾತ್ರೆಯಲ್ಲಿರುವ ಪ್ಲಾಸ್ಟಿಸಾಲ್ ಆರಿ ನೂಲು ನೂಲಾಗಿ ಎಳೆಯಲು ಶುರುವಾದರೆ ಮತ್ತೆ ಕಾಸಿಕೊಳ್ಳಿ.

ಎರಡೂ ಕಡೆ ಆದ ಮೇಲೆ ತಲೆಯನ್ನು ಕಣ್ಣಿನ ಹಿಂದಿನ ಅಂಚು ಮುಳುಗುವವರೆಗೆ ಮಾತ್ರ ಅದ್ದಿ, ಒಂದು ಸೆಕೆಂಡಿನಲ್ಲಿ ನಿಧಾನಕ್ಕೆ ಎತ್ತಿ. ಮೂತಿ ಮೇಲೆ ಮಾಡಿ ಬೆರಳಲ್ಲಿ ತಿರುಗಿಸುತ್ತಿರಿ, ಇಲ್ಲದಿದ್ದರೆ ಮೂತಿಯಲ್ಲಿ ಹನಿ ನಿಂತು ಮೂಗುತಿಯ ಹಾಗಾಗುತ್ತದೆ. ಇಡೀ ಮೀನು ಅದ್ದುವ ಆಸೆ ಬೇಡ. ಬಾಲದ ತೆಳು ಭಾಗ ದಪ್ಪವಾದರೆ ಅದು ಬಡಿಯುವುದೇ ಇಲ್ಲ. ಬಾಲ ಬಡಿಯದ ಮೀನಿಗೆ ಎಷ್ಟು ಚಂದದ ಕಣ್ಣಿದ್ದರೂ ಕುರುಡಿ ತಿರುಗಿ ನೋಡುವುದಿಲ್ಲ. (ಸೀಬಾಸನ್ನು ನಮ್ಮ ಕಡೆ ಕುರುಡಿ ಅಂತಾರೆ. ರಾತ್ರಿ ಟಾರ್ಚ್ ಬಿಟ್ಟರೆ ಅದರ ಕಣ್ಣು ಕೆಂಡದ ಹಾಗೆ ಹೊಳೆಯುತ್ತದೆ. ನೋಡಿದವರು ಮರೆಯುವುದಿಲ್ಲ.)

2 ಇಂಚಿಗಿಂತ ಸಣ್ಣ ಮೀನಿಗೆ ಇಷ್ಟೆಲ್ಲ ಬೇಡ. ಬೆಳ್ಳಿ ಬಣ್ಣದ ಬಿಸಿ ಪ್ಲಾಸ್ಟಿಸಾಲನ್ನು ಗುಂಡುಸೂಜಿಯ ತಲೆಯಲ್ಲಿ ಒಂದು ಚುಕ್ಕೆ ಇಡಿ. ಆರಿದ ಮೇಲೆ ಅದರ ಮೇಲೆ ಕಪ್ಪು ಚುಕ್ಕೆ, ಇನ್ನೂ ಸಣ್ಣದು. ಒಂದೇ ವಸ್ತುವಾದ್ದರಿಂದ ಬಿಟ್ಟುಹೋಗುವುದಿಲ್ಲ.

ಮರುದಿನ ತಲೆಯನ್ನು ಎರಡು ಬೆರಳಲ್ಲಿ ಹಿಡಿದು ಮಡಚಿ, ಎಳೆಯಿರಿ. ಕಣ್ಣಿನ ಅಂಚಿನಲ್ಲಿ ಬಿಳಿ ಗೆರೆ ಕಂಡರೆ ಒಳಗೆ ಗಾಳಿ ಸೇರಿದೆ, ಇನ್ನೊಂದು ಹನಿ ಬೇಕು. ಕುರುಡಿಯ ಬಾಯಿ ಮರಳು ಕಾಗದದ ಹಾಗೆ ತರಿತರಿಯಾಗಿರುತ್ತದೆ, ಎರಡು ಮೂರು ಮೀನು ಕಚ್ಚಿದ ಮೇಲೆ ಮೇಲಿನ ಪದರ ಸವೆಯುತ್ತದೆ. ಮನೆಗೆ ತಂದು ತೊಳೆದು, ಪೂರ್ತಿ ಒಣಗಿಸಿ, ಮತ್ತೆ ಅದ್ದಿದರೆ ಹೊಸದೇ.

ಹರಿದುಹೋದ ಮೀನನ್ನು ಹೊಳೆಗೆ ಬಿಸಾಡಬೇಡಿ, ಮನೆಗೆ ತನ್ನಿ. ಕರಗಿಸಿ ಮತ್ತೆ ಎರಕ ಹೊಯ್ಯಬಹುದು. ಕರಗಿಸುವ ಮೊದಲು ಬ್ಲೇಡಿನಲ್ಲಿ ಸುತ್ತ ಕೊಯ್ದು ಕಣ್ಣು ತೆಗೆದಿಡಿ. ಹಾಗೆ ತೆಗೆದ ಕಣ್ಣುಗಳೇ ನನ್ನ ಹತ್ತಿರ ಒಂದು ಸಣ್ಣ ಕುಂಕುಮದ ಡಬ್ಬಿ ತುಂಬ ಇವೆ.